ಕಾಣದಾದ ಕೊನೆಯ ಗರಿ

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಹಳೆಯ ಮನೆತನಗಳಲ್ಲಿ ದೇವರ ಜಗಲಿಯ ಮೇಲೆ ಅರಿವೆಯಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟುಗಳು ಇಂದಿಗೂ ಅಲ್ಲಲ್ಲಿ ಉಂಟು. ವರ್ಷಕ್ಕೊಮ್ಮೆ ವಿಭೂತಿ ಧರಿಸಿ ಪೂಜೆಗೊಳ್ಳುವ ಇವು ಓದಿಸಿಕೊಳ್ಳುವುದು ಮಾತ್ರ ಅಪರೂಪ. ಅಂಥದೊಂದು ಕಟ್ಟಿನ ವಿಷಯವಾಗಿ ಬನಹಟ್ಟಿಯ ನೇಕಾರ ಮನೆತನದ ತರುಣರೊಬ್ಬರು ನಮಗೆ ಬರೆದಿದ್ದಾರೆ.

ಬೀಳಗಿಯ ಸೋದರಮಾವನ ಮನೆಯಲ್ಲಿದ್ದ ಗರಿಗಳಿಗೆ ಅವರು 148 ಛಾಯಾಚಿತ್ರ ತೆಗೆದಿದ್ದಾರೆ. ಅವನ್ನೆಲ್ಲ ಕ್ರಮವಾಗಿ ಜೋಡಿಸಿ ಪುಸ್ತಕವಾಗಿಸಲು ಪೈಥಾನ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್ ಬರೆದಿದ್ದಾರೆ. 139 ಚಿತ್ರಗಳು ಬಂದವು, 9 ಬರಲೊಲ್ಲವು. ಬಾರದವುಗಳಲ್ಲಿ ಕೊನೆಯ ಗರಿಯೂ ಒಂದು. ಗ್ರಂಥವನ್ನು ಬರೆದವರಾರು, ಯಾರಿಗಾಗಿ, ಯಾವ ಸಂವತ್ಸರದಲ್ಲಿ ಎಂಬುದನ್ನು ಲಿಪಿಕಾರನು ಸಾಮಾನ್ಯವಾಗಿ ಹೇಳುವುದು ಅಲ್ಲಿಯೇ. ಗರಿಗಳಾದರೋ ಮುಟ್ಟಿದರೆ ಮುರಿಯುವ ಸ್ಥಿತಿಯಲ್ಲಿವೆ. ಮತ್ತೊಮ್ಮೆ ಬಿಚ್ಚಲು ಮಾವನವರು ಒಪ್ಪರು. "ಈ ಕೆಟ್ಟ ಕಡತಗಳನ್ನು ಅಳಿಸಿಬಿಡಲೇ?" ಎಂಬುದು ತರುಣರ ಪ್ರಶ್ನೆ.

ಅಳಿಸಬಾರದು. ಅವರು ಕಳಿಸಿದ ಪಟ್ಟಿಯನ್ನು ನೋಡಿದರೆ, ನಿಜವಾಗಿ ಕೆಟ್ಟಿರುವುದು ಒಂದೇ ಒಂದು.

ಅವರು ಬಳಸಿರುವ ಓಪನ್‌ಸಿವಿ ಎಂಬ ಸಾಧನಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಚಿತ್ರವು ಸಿಗದಿದ್ದರೆ ಅದು ಕೆಲಸವನ್ನು ನಿಲ್ಲಿಸುವುದಿಲ್ಲ. ಚಿತ್ರದ ಬದಲು ಬರಿದನ್ನು ಕೈಗಿಟ್ಟು ಸುಮ್ಮನಾಗುತ್ತದೆ. ಆ ಬರಿದನ್ನು ಹಿಗ್ಗಿಸಲೋ ಕುಗ್ಗಿಸಲೋ ಹೋದಾಗ ಮುಂದಿನ ಸಾಲಿನಲ್ಲಿ ಸ್ಕ್ರಿಪ್ಟ್ ಮುರಿದು ಬೀಳುತ್ತದೆ. ಬನಹಟ್ಟಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಕಾರ್ಡಿನ ರಟ್ಟಿನ ಪಟ್ಟಿಯಲ್ಲಿ ರಂಧ್ರ ತಪ್ಪಿದ್ದರೂ ಮಗ್ಗ ನಿಲ್ಲದು. ತಪ್ಪು ಕಾಣುವುದು ಸೀರೆಯ ಸೆರಗಿನಲ್ಲಿ. ಆದುದರಿಂದ ಚಿತ್ರವನ್ನು ಓದಿದ ಮರುಸಾಲಿನಲ್ಲೇ ಬರಿದೋ ಅಲ್ಲವೋ ಎಂದು ಪರೀಕ್ಷಿಸಿ, ಬರಿದಾಗಿದ್ದರೆ ಆ ಕಡತದ ಹೆಸರನ್ನು ತೆರೆಯ ಮೇಲೆ ಮುದ್ರಿಸುವಂತೆ ಬರೆಯಬೇಕು.

ಎಲ್ಲ ಚಿತ್ರಗಳೂ ಬಾರದಿದ್ದರೆ ದೋಷವು ಬಹುಶಃ ವಿಳಾಸದ್ದು. ಸ್ಕ್ರಿಪ್ಟನ್ನು ಯಾವ ಫೋಲ್ಡರಿನಲ್ಲಿ ನಿಂತು ಓಡಿಸಿದೆವೋ ಅಲ್ಲಿಂದ ಗಣಕವು ಹುಡುಕುತ್ತದೆ, ಸ್ಕ್ರಿಪ್ಟ್ ಇರುವ ಸ್ಥಳದಿಂದಲ್ಲ. ಇವರಿಗೆ ಬಹುಪಾಲು ಬಂದಿರುವುದರಿಂದ ಆ ಸಂಶಯ ಬೇಡ.

ಮೂರು ಕಡತಗಳ ಹೆಸರಿನ ಬಾಲದಲ್ಲಿ ಜೆಪಿಜಿ ಎಂಬುದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿದೆ, ಸ್ಕ್ರಿಪ್ಟಿನಲ್ಲಿ ಚಿಕ್ಕಕ್ಷರಗಳಲ್ಲಿದೆ. ವಿಂಡೋಸ್ ಇದನ್ನು ಎಣಿಸುವುದಿಲ್ಲ. ಅವರು ಬಳಸುವ ಲಿನಕ್ಸ್ ಎರಡನ್ನೂ ಬೇರೆಯೆಂದೇ ತಿಳಿಯುತ್ತದೆ. ನಾಲ್ಕು ಚಿತ್ರಗಳು ಐಫೋನಿನವು. 2017ರಿಂದ ಆ ಫೋನುಗಳು ಹೀಕ್ ಎಂಬ ರೂಪದಲ್ಲಿ ಚಿತ್ರವನ್ನು ಇಡುತ್ತವೆ. ಯಾರೋ ಹೆಸರಿನ ಬಾಲವನ್ನಷ್ಟೇ ಜೆಪಿಜಿ ಎಂದು ತಿದ್ದಿದ್ದಾರೆ. ಹೆಸರು ತಿದ್ದಿದರೆ ಒಳಗಿನದು ಬದಲಾಗದು. ಜೆಪೆಗ್ ಕಡತದ ಮೊದಲ ಎರಡು ಬೈಟುಗಳು ಸದಾ 255 ಮತ್ತು 216, ಇವುಗಳಲ್ಲಿ ಹಾಗಿಲ್ಲ. ಇವನ್ನು ತಕ್ಕ ಸಾಧನದಿಂದ ರೂಪಾಂತರಿಸಬೇಕು.

ಇನ್ನು ಕೊನೆಯ ಗರಿ. ನಮಗೆ ಹೆಚ್ಚು ಸ್ವಾರಸ್ಯವೆನಿಸಿದ್ದು ಇದೇ. ಕಡತದ ಹೆಸರು 'ಕೊನೆಗರಿ'. ಸ್ಕ್ರಿಪ್ಟಿನಲ್ಲಿಯೂ 'ಕೊನೆಗರಿ' ಎಂದೇ ಇದೆ. ಕಣ್ಣಿಗೆ ಎಳ್ಳಷ್ಟೂ ಭೇದವಿಲ್ಲ. ಆದರೆ ಯುನಿಕೋಡಿನಲ್ಲಿ 'ಕೊ' ಎಂಬುದನ್ನು ಎರಡು ಬಗೆಯಲ್ಲಿ ಬರೆಯಬಹುದು: ಕಕಾರಕ್ಕೆ ಒತ್ವವನ್ನು ಒಂದೇ ಚಿಹ್ನೆಯಾಗಿ ಹಚ್ಚುವುದು ಒಂದು, ಎತ್ವವನ್ನೂ ಕೊಂಬಿನ ಇಳಿಯನ್ನೂ ಬಿಡಿಬಿಡಿಯಾಗಿ ಹಚ್ಚುವುದು ಇನ್ನೊಂದು. ಕೀ, ಕೇ, ಕೈ, ಕೋ ಎಂಬವಕ್ಕೂ ಇದೇ ಕಥೆ. ಈ ಚಿತ್ರವು ಬಂಧುಗಳೊಬ್ಬರ ಹಳೆಯ ಮ್ಯಾಕ್ ಗಣಕದ ಮೂಲಕ ಬಂದಿದೆ. ಆ ಗಣಕಗಳು ಹೆಸರಿನ ಚಿಹ್ನೆಗಳನ್ನು ಬಿಡಿಸಿಯೇ ಇಡುತ್ತಿದ್ದವು. ತರುಣರ ಕೀಲಿಮಣೆ ಕೂಡಿಸಿ ಬರೆದಿದೆ. ಓಲೆಗರಿಯ ಲಿಪಿಕಾರರು ಬಹುಮಟ್ಟಿಗೆ ಎಕಾರ-ಏಕಾರಗಳ, ಒಕಾರ-ಓಕಾರಗಳ ಭೇದವನ್ನೇ ತೋರುತ್ತಿರಲಿಲ್ಲ. ಓದುವವನು ಅರ್ಥದಿಂದ ಗ್ರಹಿಸುತ್ತಿದ್ದನು. ಮಠದಲ್ಲಿ ಹಸ್ತಪ್ರತಿ ಓದಲು ಕುಳಿತಾಗ ನಮಗೆ ಮೊದಲು ಕಲಿಸಿದ್ದೇ ಅದನ್ನು. ಗಣಕಕ್ಕೆ ಅಂಥ ಗ್ರಹಿಕೆ ಇಲ್ಲ. ಅದು ಚಿಹ್ನೆಗಳ ಸಂಖ್ಯೆಯನ್ನಷ್ಟೇ ಹೋಲಿಸುತ್ತದೆ. ಕನ್ನಡದ ೧ ಹಾಗೂ ಇಂಗ್ಲಿಷಿನ 1 ಕೂಡ ಅದಕ್ಕೆ ಬೇರೆ ಬೇರೆ. ಪೈಥಾನಿನ 'ನಾರ್ಮಲೈಸ್' ಸೂಚನೆಯಿಂದ ಎರಡೂ ಕಡೆಯ ಹೆಸರನ್ನು ಒಂದೇ ರೂಪಕ್ಕೆ ತಂದು ಹೋಲಿಸಿದರೆ ಗರಿ ದೊರೆಯುವುದು. ನಮ್ಮ ಅಭಿಪ್ರಾಯದಲ್ಲಿ, ಕಡತಗಳಿಗೆ ಇಂಗ್ಲಿಷಿನ ಚಿಕ್ಕಕ್ಷರ ಮತ್ತು ಅಂಕಿಗಳ ಹೆಸರನ್ನಿಟ್ಟು, ಕನ್ನಡದ ವಿವರವನ್ನು ಬೇರೆ ಪಟ್ಟಿಯಲ್ಲಿ ಬರೆದಿಡುವುದು ಲೇಸು. ಕನ್ನಡಾಭಿಮಾನಿಗಳು ಮುನಿಯಬಾರದು, ಗರಿಯೊಳಗೆ ಕನ್ನಡ ಉಳಿಯಬೇಕೆಂದೇ ಈ ಮಾತು.

ಒಂಬತ್ತನೆಯದರ ಗಾತ್ರ ಸೊನ್ನೆ ಬೈಟು. ನಕಲು ಮಾಡುವಾಗ ನಡುವೆ ಕಡಿದುಹೋಗಿರಬೇಕು. ಚಿತ್ರ ತೆಗೆದ ಫೋನಿನಲ್ಲಿ ಮೂಲವಿದೆಯೇ ಎಂದು ಇಂದೇ ನೋಡಲಿ. ಅಲ್ಲಿಯವರೆಗೆ ಆ ಫೋನಿನಿಂದ ಯಾವುದನ್ನೂ ಅಳಿಸದಿರಲಿ.

ಮುಧೋಳ ಸೀಮೆಯ ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳು. ನಮ್ಮ ತರುಣರಿಗೆ ಅಷ್ಟು ಬೇಡ, ಮೂರು ಸಾಕು: ಒಂದು ತಮ್ಮಲ್ಲಿ, ಒಂದು ಊರಾಚೆಯ ನಂಬಿಕಸ್ಥರಲ್ಲಿ, ಒಂದು ಬೀಳಗಿಯ ಮಾವನವರ ಮನೆಯಲ್ಲಿ, ಗರಿಕಟ್ಟಿನ ಪಕ್ಕದಲ್ಲೇ.