ಆಲಸ್ಯವೋ, ವ್ಯಾಧಿಯೋ?

ಪತಂಜಲಿ ಮಹರ್ಷಿಯು ಯೋಗಸೂತ್ರದಲ್ಲಿ ಚಿತ್ತವನ್ನು ಚದುರಿಸುವ ಒಂಬತ್ತು ಅಂತರಾಯಗಳನ್ನು ಎಣಿಸುವಾಗ ವ್ಯಾಧಿಯನ್ನೂ ಆಲಸ್ಯವನ್ನೂ ಬೇರೆ ಬೇರೆಯಾಗಿ ಹೇಳಿರುವನು. ಇದನ್ನು ನಾನು ಯೌವನದಲ್ಲಿಯೇ ಓದಿದ್ದೆನು. ಆದರೆ ಓದಿದುದು ಸಮಯಕ್ಕೆ ಒದಗಲಿಲ್ಲವೆಂಬುದನ್ನು ಪ್ರಿಯ ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ನಮ್ಮ ಶಾಲೆಯಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಉಪಾಧ್ಯಾಯರೊಬ್ಬರಿದ್ದರು. ಹತ್ತು ವರ್ಷಗಳಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲ. ಅಂಥವರು ಒಂದು ವರ್ಷ ಪ್ರಾರ್ಥನೆಯ ಗಂಟೆ ಬಾರಿಸಿದ ಮೇಲೆ ಬರತೊಡಗಿದರು. ತಿದ್ದದ ಪುಸ್ತಕಗಳು ಅವರ ಮೇಜಿನ ಮೇಲೆ ರಾಶಿಯಾದುವು. ಸುಲಭವಾದ ಲೆಕ್ಕವನ್ನೂ ಕರಿಹಲಗೆಯ ಮೇಲೆ ಅರ್ಧಕ್ಕೆ ಬಿಟ್ಟು ಸುಮ್ಮನೆ ನಿಂತುಬಿಡುತ್ತಿದ್ದರು. ನಾನು ಅದನ್ನು ಆಲಸ್ಯವೆಂದು ಬಗೆದು ಕಾರಣ ಕೇಳಿ ನೋಟೀಸು ಕೊಟ್ಟೆನು. ಅವರು ಉತ್ತರವನ್ನು ಬರೆಯಲಿಲ್ಲ, ರಾಜೀನಾಮೆಯನ್ನು ಬರೆದರು. ಅವರಿಗಿದ್ದುದು ಖಿನ್ನತೆಯೆಂಬ ವ್ಯಾಧಿಯೆಂದು ಬಹುಕಾಲದ ಮೇಲೆ ಅವರ ಪತ್ನಿಯವರಿಂದ ತಿಳಿಯಿತು. ಚಿಕಿತ್ಸೆಯಿಂದ ಅವರು ಗುಣಹೊಂದಿದರು. ಕಳೆದುಕೊಂಡ ಕೆಲಸ ಮಾತ್ರ ಮರಳಲಿಲ್ಲ.

ದುಃಖವು ಎಲ್ಲರಿಗೂ ಬರುವುದು, ಕಾಲಕ್ರಮದಲ್ಲಿ ಇಳಿಯುವುದು. ಖಿನ್ನತೆಯಾದರೋ ಎರಡು ವಾರಗಳನ್ನೂ ಮೀರಿ, ದಿನದ ಬಹುಭಾಗವನ್ನು ಆವರಿಸಿ, ನಿದ್ರೆ, ಹಸಿವು, ಏಕಾಗ್ರತೆ, ನಿರ್ಧಾರಶಕ್ತಿಗಳನ್ನು ಕೆಡಿಸುವುದು. ಇವು ಕೆಟ್ಟವನು ಕೆಲಸದಲ್ಲಿ ತಪ್ಪುವನು. ತಪ್ಪಿದುದಕ್ಕಾಗಿ ತನ್ನನ್ನೇ ಹಳಿದುಕೊಳ್ಳುವನು. ಹೊರಗಿನವರೂ ಹಳಿದರೆ ಆ ಮಾತನ್ನೇ ಸತ್ಯವೆಂದು ನಂಬುವನು. ಖಿನ್ನತೆ ಮತ್ತು ಆತಂಕಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಇಷ್ಟೆಲ್ಲವನ್ನೂ ಆಲಸ್ಯದ ಲೆಕ್ಕಕ್ಕೆ ಬರೆಯಲಾದೀತೇ?

ಆದುದರಿಂದ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ. ಮನೆಯಲ್ಲಿ ದುಡಿಯುವವರಲ್ಲಿ ಇಂಥ ಮಾರ್ಪಾಡು ಕಂಡರೆ ಬುದ್ಧಿವಾದಕ್ಕೆ ಮೊದಲು ವೈದ್ಯರಿಗೆ ತೋರಿಸಿರಿ. ವ್ಯಾಧಿಯ ಕತ್ತಲೆಯಲ್ಲಿ ರಾಜೀನಾಮೆಯಂಥ ದೊಡ್ಡ ನಿರ್ಧಾರಕ್ಕೆ ಎಡೆಗೊಡದೆ ರಜೆಗೆ ಬರೆಸಿರಿ. ಭಾರತ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಗುಣಮುಖರಾಗಿ ಕೆಲಸಕ್ಕೆ ಮರಳಿದವರ ಮೇಲೆ ಮೊದಲ ದಿನವೇ ಪೂರ್ಣ ಹೊರೆಯನ್ನು ಹೊರಿಸಬಾರದು; ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸತಕ್ಕುದು.

ವಾಚಕರಲ್ಲಿ ಮೇಲಧಿಕಾರಿಗಳೂ ಇರಬಹುದು. ಅವರಿಗೆ ಒಂದೇ ಮಾತು: ನೋಟೀಸಿಗೆ ಸಹಿ ಹಾಕುವ ಮುನ್ನ ಆ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು, “ನಿಮ್ಮ ಆರೋಗ್ಯ ಹೇಗಿದೆ?” ಎಂದು ಕೇಳಿರಿ. ನಾನು ಕೇಳಲಿಲ್ಲ.