ಹುಣಸೆಹಣ್ಣು ಹಚ್ಚಿ ತಿಕ್ಕುವ ಮೊದಲು

ಯುದ್ಧದಿಂದ ಮರಳಿದವರು ತಂದ ಹಿತ್ತಾಳೆ ವಸ್ತುವಿಗೆ ನಮ್ಮ ಮನೆಗಳಲ್ಲಿ ನಡೆಯುವ ಉಪಚಾರ ಒಂದೇ: ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು. ದಯವಿಟ್ಟು ನಿಲ್ಲಿಸಿ ಎಂದು ರಾಯಚೂರು, ಮಾನ್ವಿ, ದೇವದುರ್ಗ ಕಡೆಯ ಮಾಜಿ ಸೈನಿಕರ ಮನೆಯವರನ್ನು ಕೇಳಿಕೊಳ್ಳುತ್ತೇನೆ.

ಗಿಲ್ಲೆಸುಗೂರಿನ ನಮ್ಮ ಓಣಿಯ ಕಾಕಾ ಒಬ್ಬರು 1971ರ ಯುದ್ಧ ಮುಗಿಸಿ ಬರುವಾಗ ತೋಪಿನ ಗುಂಡಿನ ಖಾಲಿ ಖೋಲೊಂದನ್ನು ಟ್ರಂಕಿನಲ್ಲಿಟ್ಟು ತಂದಿದ್ದರು. ಗೇಣಿಗಿಂತ ತುಸು ಎತ್ತರ, ಎತ್ತಿದರೆ ಕೈಗೆ ಭಾರ. ಊರವರಿಗೆ ಅದು ‘ಪಾಕಿಸ್ತಾನದ ಗುಂಡು’. “ಎಲ್ಲಿ ಸಿಕ್ತರಿ ಕಾಕಾ?” ಅಂದರೆ, “ರಣದಾಗ ಬಿದ್ದಿತ್ತವಾ, ತಂದೆ” ಅನ್ನೋರು. ಮುಂದೆ ಮಾತಿಲ್ಲ. ಅವರು ತೀರಿಕೊಂಡ ಮೇಲೆ ಸೊಸೆ ಅದನ್ನು ನನ್ನ ಮುಂದಿಟ್ಟು, “ಟೀಚರ್, ಇದು ಖರೇನ ಅವರದೇನ್ರಿ?” ಎಂದು ಕೇಳಿದಳು.

ಇಂಥ ಖೋಲಿನ ತಳದಲ್ಲಿ ತೋಪಿನ ಬಗೆ, ಕಾರ್ಖಾನೆಯ ಗುರುತು, ಲಾಟ್ ಸಂಖ್ಯೆ, ತಯಾರಾದ ವರ್ಷ ಒತ್ತಿರುತ್ತಾರೆ. ಇದರಲ್ಲಿ ‘25 ಪಿಆರ್’ ಎಂಬುದಷ್ಟೇ ಓದಲು ಬಂತು. ಉಳಿದದ್ದು ತಿಕ್ಕಿ ತಿಕ್ಕಿ ಮಸುಕಾಗಿತ್ತು. ಅಂದರೆ 25 ಪೌಂಡರ್, ಎರಡನೇ ಮಹಾಯುದ್ಧದ ಬ್ರಿಟಿಷ್ ತೋಪು. 1947ರಲ್ಲಿ ದೇಶದ ಜೊತೆ ಸೈನ್ಯವೂ ಪಾಲಾದಾಗ ಈ ತೋಪುಗಳು ಎರಡೂ ಕಡೆ ಹೋದವು. 1965ರಲ್ಲೂ 1971ರಲ್ಲೂ ಎರಡೂ ಸೈನ್ಯಗಳು ಇವನ್ನು ಹಾರಿಸಿವೆ. ಹಾಗಾಗಿ ‘25 ಪಿಆರ್’ ಒಂದರಿಂದಲೇ ಖೋಲು ಯಾರದೆಂದು ಹೇಳಲಾಗದು. ಕಾಕಾರ ಡಿಸ್ಚಾರ್ಜ್ ಬುಕ್ ತೆಗೆಸಿ ನೋಡಿದರೆ, ಅವರಿದ್ದದ್ದೇ ಫಿರಂಗಿ ದಳದಲ್ಲಿ. ವೈರಿಯಿಂದ ಕಸಿದ ಕಾಣಿಕೆಗಿಂತ ತಮ್ಮದೇ ತೋಪು ಹಾರಿಸಿದ ಗುಂಡಿನ ಖೋಲಾಗಿರುವ ಸಾಧ್ಯತೆಯೇ ಹೆಚ್ಚು. ಆ ಚಳಿಗಾಲ ಕಾಕಾ ಮಾಡಿದ ಕೆಲಸದ ಗುರುತು ಅದು. ನನಗೆ ಅದೇ ದೊಡ್ಡದು.

ವಸ್ತು ಎಲ್ಲಿಂದ ಬಂತೆಂದು ಬರೆದಿಡುವುದರಲ್ಲಿ ಸಾವಿರ ವರ್ಷದ ಹಿಂದಿನವರು ನಮಗಿಂತ ಎಚ್ಚರವಾಗಿದ್ದರು. ಹನ್ನೊಂದನೇ ಶತಮಾನದಲ್ಲಿ ಚೋಳ ರಾಜಾಧಿರಾಜ ನಮ್ಮ ಚಾಲುಕ್ಯರ ಕಲ್ಯಾಣವನ್ನು, ಇಂದಿನ ಬಸವಕಲ್ಯಾಣವನ್ನು, ಸುಟ್ಟು ಒಂದು ದ್ವಾರಪಾಲಕ ಶಿಲ್ಪವನ್ನು ಹೊತ್ತೊಯ್ದ. ದಾರಾಸುರದ ಗುಡಿಯಲ್ಲಿದ್ದ ಅದು ಈಗ ತಂಜಾವೂರಿನಲ್ಲಿದೆ. ಕಲ್ಯಾಣಪುರವನ್ನು ಸುಟ್ಟು ವಿಜಯರಾಜೇಂದ್ರ (ಇದು ರಾಜಾಧಿರಾಜನದೇ ಬಿರುದು) ತಂದದ್ದು ಎಂದು ಅದರ ಪೀಠದಲ್ಲೇ ತಮಿಳಿನಲ್ಲಿ ಕೆತ್ತಿಸಿದ್ದಾರೆ. ಗೆದ್ದವನ ಸೊಕ್ಕಿನ ಮಾತು, ಓದಿದರೆ ಹೊಟ್ಟೆ ಉರಿಯುತ್ತದೆ. ಆದರೂ ಆ ಸಾಲಿನಿಂದಲೇ ಮೂರ್ತಿ ತನ್ನ ಊರನ್ನು ಕಳೆದುಕೊಂಡಿಲ್ಲ.

ಶ್ರೀರಂಗಪಟ್ಟಣದಿಂದ 1799ರಲ್ಲಿ ಹೋದ ಟಿಪ್ಪು ಸುಲ್ತಾನನ ವಸ್ತುಗಳ ಪಾಡು ಬೇರೆ. ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಒಯ್ದ ಬಂದೂಕು, ಕತ್ತಿಗಳು ಇಂಗ್ಲೆಂಡಿನ ಬರ್ಕ್‌ಶೈರಿನ ಮನೆಯೊಂದರ ಅಟ್ಟದಲ್ಲಿ ಹಳೇ ಪತ್ರಿಕೆ ಸುತ್ತಿಕೊಂಡು ಬಿದ್ದಿದ್ದವು. 2019ರಲ್ಲಿ ಹರಾಜಾಗಿ 1,07,000 ಪೌಂಡ್ ತಂದವು. ಅವುಗಳ ಜೊತೆ ಹಾರ್ಟ್‌ನ ಮುದ್ರೆಯುಂಗುರವೂ ಇತ್ತು. ಟಿಪ್ಪುವಿನ ವಸ್ತುಗಳು ಯಾರ ಕೈಯಿಂದ ಆ ಅಟ್ಟ ಸೇರಿದವು ಎನ್ನುವುದಕ್ಕೆ ಅದೇ ಸಾಕ್ಷಿ.

1971ರಲ್ಲಿ ಇಪ್ಪತ್ತರ ಹುಡುಗನಾಗಿದ್ದವನಿಗೆ ಈಗ ಎಪ್ಪತ್ತು ದಾಟಿದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರು ಪಿಂಚಣಿ ಕಾಗದಗಳ ಜೊತೆ ಒಂದು ಹಾಳೆ ಕೊಟ್ಟರೂ ಸಾಕು: ಯಾವ ದಳ, ಎಲ್ಲಿ ಸಿಕ್ಕಿತು, ಯಾವಾಗ, ಯಾರು ಕೊಟ್ಟರು. ಇಲಾಖೆ ಮಾಡುವತನಕ ಹೈಸ್ಕೂಲ್ ಮಕ್ಕಳು ಬರೆದುಕೊಳ್ಳಲಿ, ನಾನು ಮಕ್ಕಳನ್ನು ಕಳಿಸಲು ತಯಾರಿದ್ದೇನೆ. ವಸ್ತುವಿನ ತಳದ ಫೋಟೊ ಹಿಡಿದು ಹಾಳೆಗೆ ಅಂಟಿಸಿ, ಡಿಸ್ಚಾರ್ಜ್ ಬುಕ್ಕಿನ ಜೊತೆ ಇಡಿ. ಒಳಗೆ ಮದ್ದು ಇರಬಹುದೆಂಬ ಅನುಮಾನವಿದ್ದರೆ ಮಾತ್ರ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ.