ಬ್ಯಾಟರಿ ಬದಲಿಸುವ ಮೊದಲು ಒಂದು ಮೀಟರ್ ಇಟ್ಟು ನೋಡಿ ಮಾರಾಯ್ರೆ

ಪುತ್ತೂರು, ಸುಳ್ಯ, ಕಡಬದ ಕಾರು-ಜೀಪಿನವರ ಕಿಸೆಗೆ ಕತ್ತರಿ ಹಾಕುವ ಎರಡು ಶಬ್ದಗಳಿವೆ: 'ಬ್ಯಾಟರಿ ಹೋಗಿದೆ.' ಮಳೆಗಾಲದ ಬೆಳಗ್ಗೆ ಸೆಲ್ಫ್ ಹೊಡೆದರೆ ಬರೀ ಕಟಕಟ. ನೆರೆಮನೆಯವರ ಜೀಪಿನಿಂದ ವಯರ್ ಕೊಟ್ಟು ಸ್ಟಾರ್ಟ್ ಮಾಡಿ ಪೇಟೆಗೆ ಮುಟ್ಟಿಸಿದರೆ, ಬಾನೆಟ್ ಪೂರ್ತಿ ಎತ್ತುವ ಮೊದಲೇ ತೀರ್ಪು ಬಂದಿರುತ್ತದೆ. ನಾಲ್ಕೈದು ಸಾವಿರ ಕೊಟ್ಟು ಹೊಸತು ಹಾಕಿಸುತ್ತೇವೆ. ಅಂಗಡಿಯಿಂದ ಬಂದ ಬ್ಯಾಟರಿಯಲ್ಲಿ ಚಾರ್ಜ್ ಇದ್ದೇ ಇರುತ್ತದೆ, ಹಾಗಾಗಿ ಒಂದೆರಡು ದಿನ ಕಾರು ಚಂದ ಓಡುತ್ತದೆ. ಆಮೇಲೆ ಒಂದು ರಾತ್ರಿ ಗುತ್ತಿಗಾರಿನಿಂದ ಆಚೆಯೋ ಬಿಸಿಲೆ ಘಾಟಿಯ ಕಾಡಿನ ನಡುವೆಯೋ ಹೆಡ್‌ಲೈಟ್ ಮಂಕಾಗುತ್ತದೆ, ವೈಪರ್ ತೆವಳುತ್ತದೆ, ಕಾರು ನಿಲ್ಲುತ್ತದೆ. ಮೊಬೈಲಿಗೆ ಸಿಗ್ನಲ್ ಇಲ್ಲ. ಕೆಟ್ಟದ್ದು ಆಲ್ಟರ್ನೇಟರ್ ಎಂದು ತಿಳಿಯುವುದು ಆಗ.

ಹಳಬರು ಡೈನಮೋ ಅನ್ನುವುದು ಇದಕ್ಕೇ. ಬ್ಯಾಟರಿ ನಮ್ಮ ತೋಟದ ಟ್ಯಾಂಕಿ ಇದ್ದ ಹಾಗೆ, ಆಲ್ಟರ್ನೇಟರ್ ಅದಕ್ಕೆ ನೀರೆತ್ತುವ ಪಂಪು. ಟ್ಯಾಂಕಿ ಖಾಲಿ ಕಂಡರೆ ಹೊಸ ಟ್ಯಾಂಕಿ ಕಟ್ಟಿಸುವವರು ಯಾರಾದರೂ ಇದ್ದಾರಾ? ಮೊದಲು ಪಂಪು ಓಡುತ್ತಿದೆಯಾ ನೋಡುತ್ತೇವೆ. ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಆ ಬುದ್ಧಿಯನ್ನು ಗೇಟಿನ ಹೊರಗೆ ಬಿಟ್ಟು ಹೋಗುತ್ತೇವೆ.

'ಅದೆಲ್ಲ ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ' ಎನ್ನುವುದು ನಮಗೆ ಕೇಳಿ ಕೇಳಿ ಸಾಕಾದ ಮಾತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡಿ, ಬ್ಲೇಡ್ ಅದ್ದಿ ಕೆಂಪು ಹಿಡಿಯುತ್ತದಾ ಎಂದು ನೋಡುವವರು ನಾವು. ಮೂರು ಫೇಸಿನಲ್ಲಿ ಒಂದು ಹೋದರೆ ಮೋಟಾರಿನ ಸದ್ದಿನಲ್ಲೇ ಗುರುತಿಸುವವರೂ ನಾವೇ. ಆಲ್ಟರ್ನೇಟರ್ ಕೂಡ ಮೂರು ಫೇಸಿನದ್ದೇ. ಒಳಗಿನ ಡಯೋಡ್‌ಗಳು ಅದನ್ನು ಡಿಸಿ ಮಾಡಿ ಹೊರಗೆ ಕಳಿಸುತ್ತವೆ, ಅಷ್ಟೇ ವ್ಯತ್ಯಾಸ. ಕೃಷಿಕರ ಕೈಗೆ ಲೇಖನಿ ಕೊಡಬೇಕೆಂದು 'ಅಡಿಕೆ ಪತ್ರಿಕೆ' 1988ರಲ್ಲಿ ಹೊರಟದ್ದು ಇದೇ ಪುತ್ತೂರಿನಿಂದ. ಲೇಖನಿ ಹಿಡಿದ ಕೈಗೆ ಸ್ಪ್ಯಾನರ್ ಭಾರವಾ?

ಬೇಕಾದದ್ದು ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರ್. ಡಿಸಿ 20 ವೋಲ್ಟಿಗೆ ತಿರುಗಿಸಿ, ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಗೆ ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಇಡಿ. 12.6ರ ಹತ್ತಿರ ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಸುಮಾರು ಅರ್ಧ, 11.8ಕ್ಕಿಂತ ಕೆಳಗೆ ಖಾಲಿ. ಈಗ ಸ್ಟಾರ್ಟ್ ಮಾಡಿ. ಮೀಟರ್ 13.8ರಿಂದ 14.5ರ ಒಳಗೆ ಏರಿ ನಿಂತರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. ಅಷ್ಟಕ್ಕೇ ಬಿಡಬೇಡಿ. ಹೆಡ್‌ಲೈಟ್ ಹೈ ಬೀಮಿಗೆ ಹಾಕಿ, ಫ್ಯಾನ್, ವೈಪರ್ ಹಾಕಿ, ಎಕ್ಸಲರೇಟರ್ ಸ್ವಲ್ಪ ಒತ್ತಿಸಿ. ಆಗಲೂ 13.5ರ ಆಸುಪಾಸು ನಿಲ್ಲಬೇಕು. 12.4ಕ್ಕೆ ಬಂದು ಇನ್ನೂ ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಅದೇ ಹಾಡು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿಯನ್ನು ಕುದಿಸಿ ಕೊಲ್ಲುತ್ತದೆ. ಚಾರ್ಜಿಂಗ್ ಸರಿ ಇದ್ದು, ತುಂಬಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಮಾತ್ರ 'ಬ್ಯಾಟರಿ ಹೋಗಿದೆ' ಎಂಬ ಮಾತಿಗೆ ಬೆಲೆ ಬರುತ್ತದೆ.

ಮೀಟರ್ ಇಲ್ಲದಿದ್ದರೂ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಇದೆ. ಕೀ ತಿರುಗಿಸಿದಾಗ ಉರಿಯಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ಚಾರ್ಜ್ ಇಲ್ಲ. ಕೀ ತಿರುಗಿಸಿದಾಗಲೂ ಉರಿಯದಿದ್ದರೆ ಬಲ್ಬು, ಫ್ಯೂಸು, ವಯರ್ ನೋಡಿ.

ಒಂದು ಚಟವನ್ನು ಮಾತ್ರ ದಯವಿಟ್ಟು ಬಿಡಿ. ಇಂಜಿನ್ ಓಡುವಾಗ ಬ್ಯಾಟರಿಯ ವಯರ್ ಕಿತ್ತು, 'ಬಂದ್ ಬೀಳಲಿಲ್ಲ, ಡೈನಮೋ ಸರಿ ಇದೆ' ಎನ್ನುವ ಪರೀಕ್ಷೆ. ಹಳೆಯ ಅಂಬಾಸಿಡರಿನ ಕಾಲಕ್ಕೆ ಅದು ನಡೆದಿರಬಹುದು. ಇಸಿಯು ಇರುವ ಕಾರಿನಲ್ಲಿ ಹಾಗೆ ಕಿತ್ತರೆ ವೋಲ್ಟೇಜ್ ಒಮ್ಮೆಲೇ ಹಾರಿ ಆಲ್ಟರ್ನೇಟರಿನ ಡಯೋಡೂ ಇಸಿಯುವೂ ಸುಡಬಹುದು. ಐದು ಸಾವಿರದ ಪ್ರಶ್ನೆಗೆ ಮೂವತ್ತು ಸಾವಿರದ ಉತ್ತರ.

ಆಲ್ಟರ್ನೇಟರ್ ಕೆಟ್ಟಿದೆ ಎಂದು ನಿರ್ಧಾರವಾಗುವ ಮೊದಲು ಸುತ್ತಮುತ್ತ ನೋಡಬೇಕು, ನಮ್ಮ ಊರಿನಲ್ಲಂತೂ ಕಡ್ಡಾಯ. ಶೆಡ್ಡಿನಲ್ಲಿ ಅಡಿಕೆ, ತೆಂಗಿನಕಾಯಿ ಇದ್ದ ಮೇಲೆ ಇಲಿಯೂ ಇರುತ್ತದೆ, ಇಲಿಗೆ ಕಾರಿನ ವಯರ್ ಎಂದರೆ ಪ್ರಾಣ. ಬ್ಯಾಟರಿ ಟರ್ಮಿನಲ್ಲಿನ ಬಿಳಿ-ಹಸಿರು ಹುಡಿ, ಬಾಡಿಗೆ ಬಿಗಿದ ಅರ್ತ್ ವಯರಿನ ತುಕ್ಕು, ಎಣ್ಣೆ ಕುಡಿದು ಜಾರುವ ಬೆಲ್ಟ್ ಎಲ್ಲವೂ ಆಲ್ಟರ್ನೇಟರಿನ ಹೆಸರು ಕೆಡಿಸುತ್ತವೆ. ಸ್ಟಾರ್ಟ್ ಆದ ಕೂಡಲೇ ಕೀಂಯ್ ಅನ್ನುವುದು ಸಾಮಾನ್ಯವಾಗಿ ಸಡಿಲ ಬೆಲ್ಟು. ಗರಗರ ಅನ್ನುವುದು ಬೇರಿಂಗ್.

ಬಿಚ್ಚುವುದು ದೊಡ್ಡ ವಿದ್ಯೆಯಲ್ಲ. ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ, ಇದರಲ್ಲಿ ರಾಜಿ ಬೇಡ. ಯಾಕೆಂದರೆ ಆಲ್ಟರ್ನೇಟರಿನ ಹಿಂದಿನ ದಪ್ಪ ವಯರಿನಲ್ಲಿ ಕಾರು ಬಂದ್ ಇದ್ದಾಗಲೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಬೆಲ್ಟ್ ಹೋಗುವ ದಾರಿಯ ಫೋಟೋ ತೆಗೆದುಕೊಳ್ಳಿ. ಬೆಲ್ಟ್ ಸಡಿಲಿಸಿ, ವಯರ್ ಬಿಚ್ಚಿ, ಬೋಲ್ಟ್ ತೆಗೆದರೆ ಹಳೆಯ ಮಾರುತಿಗಳಲ್ಲಿ ಕೈಗೆ ಬರುತ್ತದೆ. ಹಾಕುವಾಗ ಇದರ ತಿರುವುಮುರುವು, ಮೈನಸ್ ಕೊನೆಗೆ. ಹಳೆಯ ವಿ-ಬೆಲ್ಟಾದರೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಒಂದು ಸೆಂಟಿಮೀಟರ್ ಬಗ್ಗಬೇಕು. ಅತಿ ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ.

ಹಲವು ಹಳೆಯ ಡೀಸೆಲ್ ಜೀಪು, ಪಿಕಪ್‌ಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಬ್ರೇಕಿನ ವ್ಯಾಕ್ಯೂಮ್ ಪಂಪು ಇರುತ್ತದೆ. ಅದರ ಪೈಪು ಸರಿ ಕೂರದಿದ್ದರೆ ಬ್ರೇಕ್ ಕಲ್ಲಾಗುತ್ತದೆ. ಸಂಪಾಜೆ ಘಾಟಿ ಇಳಿಯುವ ಗಾಡಿಯಲ್ಲಿ ಪ್ರಯೋಗ ಬೇಡ, ಅದನ್ನು ಬಲ್ಲವರ ಕೈಗೇ ಕೊಡಿ. ಸ್ಮಾರ್ಟ್ ಹೈಬ್ರಿಡ್ ಎಂದು ಬರೆದ ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರ್ ಏರಿಸಿ ಇಳಿಸುತ್ತದೆ, ಮೀಟರಿನಲ್ಲಿ ಕಡಿಮೆ ಕಂಡರೂ ಅದು ದೋಷವಾಗಿರಬೇಕೆಂದಿಲ್ಲ.

ಇನ್ನು ಬೆಲೆಯ ಮಾತು. ಹೆಚ್ಚಿನ ಸಲ ಸವೆದಿರುವುದು ಕಾರ್ಬನ್ ಬ್ರಷ್, ಇಲ್ಲವೇ ಹೋಗಿರುವುದು ರೆಗ್ಯುಲೇಟರ್, ಡಯೋಡ್ ಪ್ಲೇಟ್, ಬೇರಿಂಗ್. ಇವೆಲ್ಲ ಬಿಡಿಯಾಗಿ ಸಿಗುವ ವಸ್ತುಗಳು. ಆದರೆ ದೊಡ್ಡ ಸರ್ವಿಸ್ ಕೇಂದ್ರಗಳಲ್ಲಿ 'ಅಸೆಂಬ್ಲಿಯೇ ಬದಲಿಸಬೇಕು' ಎನ್ನುವುದೇ ರೂಢಿ. ಕಿಟಕಿಯ ಗಾಜು ಒಡೆದದ್ದಕ್ಕೆ ಹೊಸ ಮನೆ ಕಟ್ಟಿ ಅಂದ ಹಾಗೆ. ನಮ್ಮ ಪೇಟೆಗಳ ಆಟೋ ಎಲೆಕ್ಟ್ರಿಷಿಯನ್‌ಗಳಲ್ಲಿ ಅದೇ ಆಲ್ಟರ್ನೇಟರನ್ನು ಬೆಂಚಿನ ಮೇಲೆ ಬಿಚ್ಚಿ ರಿಪೇರಿ ಮಾಡುವ ಕೈಗಳು ಇನ್ನೂ ಇವೆ. ಮೀಟರ್ ಇಡದೆ ಬ್ಯಾಟರಿ ಮಾರುವವರಿಗೂ ಇವರಿಗೂ ನಡುವಿನ ವ್ಯತ್ಯಾಸ ತಿಳಿಯುವುದು, ನಮ್ಮ ಮೊಬೈಲಿನಲ್ಲಿ ಮೂರು ರೀಡಿಂಗುಗಳ ಫೋಟೋ ಇದ್ದರೆ ಮಾತ್ರ. 'ಸ್ಟಾರ್ಟಿನಲ್ಲಿ 12.3 ಇದೆ, ಏರುವುದಿಲ್ಲ, ಬೆಲ್ಟ್ ಸರಿ ಇದೆ' ಎಂದು ಹೇಳಿ ಗಾಡಿ ಬಿಟ್ಟು ನೋಡಿ, ಮಾತಿನ ಧಾಟಿಯೇ ಬದಲಾಗುತ್ತದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗೆಂದು ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ವಸ್ತುಗಳ ಜೊತೆ ವಾಹನವೂ ಆ ಪಟ್ಟಿಯಲ್ಲಿದೆ. ಒಳ್ಳೆಯದೇ. ಆದರೆ ಕೊಂಬಾರಿನಲ್ಲೋ ಪಾಣಾಜೆಯಲ್ಲೋ ಹಕ್ಕು ಚಲಾಯಿಸಲು ಮೊದಲು ಕೈಯಲ್ಲಿ ಉಪಕರಣ ಇರಬೇಕು. ನಮ್ಮ ಸಿ.ಎ. ಬ್ಯಾಂಕುಗಳು ಗೊಬ್ಬರ, ಮೈಲುತುತ್ತು, ಸ್ಪ್ರೇ ಪಂಪು ಮಾರುತ್ತವೆ. ಅದರ ಪಕ್ಕ ಹತ್ತು ಮಲ್ಟಿಮೀಟರ್ ಇಡಲು ಏನು ಕಷ್ಟ? ಸುಳ್ಯ, ಪುತ್ತೂರಿನಲ್ಲಿ ಪಾಲಿಟೆಕ್ನಿಕ್‌ಗಳಿವೆ, ಇಂಜಿನಿಯರಿಂಗ್ ಕಾಲೇಜುಗಳೂ ಇವೆ. ಎನ್ನೆಸ್ಸೆಸ್ ಶಿಬಿರಕ್ಕೆ ಹಳ್ಳಿಗೆ ಬಂದಾಗ ಶಾಲೆಯ ಗೋಡೆಗೆ ಬಣ್ಣ ಬಳಿದದ್ದು ಸಾಕು, ಒಂದು ಭಾನುವಾರ ಶಾಲೆಯ ಅಂಗಳದಲ್ಲಿ ಊರಿನ ಗಾಡಿಗಳ ಚಾರ್ಜಿಂಗ್ ನೋಡಿ ಕೊಡಿ. ನಿಮ್ಮ ಸೊಸೈಟಿಯ ಮುಂದಿನ ಮಹಾಸಭೆಯಲ್ಲಿ ಈ ಮಾತು ಎತ್ತಿ. ಮೇ ತಿಂಗಳು ಮುಗಿಯುವುದರ ಒಳಗೆ ಆಗಬೇಕು, ಜೂನ್ ಬಂದರೆ ಲೈಟು, ವೈಪರ್ ಎರಡೂ ಒಟ್ಟಿಗೆ ಓಡಲು ಶುರು.